ತೊಂಬತ್ತು ಮಿಲಿ

ನನ್ನ ಕೆಲಸ ಇಷ್ಟೇ: ನೋಡುವುದು.
ಓಟ ಮುಗಿದ ಗಳಿಗೆಯಿಂದ ಸೀಸೆ ತುಂಬುವ ತನಕ
ಹುಡುಗಿಯ ನೆರಳಿಗೆ ನೆರಳಾಗಿ ನಡೆಯುವುದು.
ವಾರವಿಡೀ ಶ್ರೀರಾಮಪುರದ ಶಾಲೆಯಲ್ಲಿ ಪೀಟಿ ಮೇಡಂ,
ಕೂಟ ಇದ್ದಾಗ ಕಂಠೀರವದಲ್ಲಿ
ಕೊರಳಿಗೊಂದು ಕಾರ್ಡು, ದಿನಭತ್ಯೆ, ಪೊಟ್ಟಣದ ಪಲಾವು.

ಆರೂವರೆಗೆ ನಾನೂರು ಮೀಟರ್ ಹರ್ಡಲ್ಸ್.
ನೀಲವ್ವ ಹಡಪದ, ಮುಧೋಳದ ಕಡೆಯವಳು, ಎರಡನೆಯವಳು.
ಈಗ ಎಂಟೂಕಾಲು. ಆರು ಬಾಟಲಿ ನೀರು ಒಳಗೆ ಹೋಗಿದೆ,
ಒಂದು ತೊಟ್ಟು ಹೊರಗೆ ಬಂದಿಲ್ಲ.
ಬೇಕಾದ್ದು ತೊಂಬತ್ತು ಮಿಲಿ.
ನಮ್ಮ ಬೀದಿಯ ಬಾರಿನಲ್ಲಿ ಇದಕ್ಕೆ ನೈಂಟಿ ಅನ್ನುತ್ತಾರೆ,
ಅಷ್ಟರಲ್ಲಿ ಕೆಲವರು ಮನೆ ಮರೆಯುತ್ತಾರೆ.

ಹಿಂದೆ ಇದು ಸಂಪಂಗಿ ಕೆರೆ,
ಕೆರೆಯ ಮೇಲೆ ಕೂತು ನೀರಿಗೆ ಕಾಯುತ್ತಿದ್ದೇವೆ ನೋಡು, ಅಂದೆ.
ಅವಳು ನಗಲಿಲ್ಲ. ಮೊಣಕಾಲಿನ ತರಚು ಗಾಯವನ್ನು ಉಗುರಿನಿಂದ ಎತ್ತುತ್ತ
"ಅಕ್ಕಾರ, ಒಬ್ಬಾಕಿ ಇದ್ಲು ಅನ್ಕೋರಿ" ಎಂದಳು.

"ಮೊದಲನೇದಕ್ಕ ವಿಟಮಿನ್ ಅಂದ್ರು.
ಎರಡನೇದಕ್ಕ ನೋವಿಂದು ಅಂದ್ರು.
ಮೂರನೇದಕ್ಕ ಯಾರೂ ಏನೂ ಅನ್ನಲಿಲ್ಲ, ಆಕೀನೂ ಕೇಳಲಿಲ್ಲ.
ಕೇಳದ ಇರೋದೂ ಒಂದು ಪ್ರಾಕ್ಟೀಸರಿ, ದಿನಾ ಮಾಡಿದ್ರ ಬರತೈತಿ.

ಗೆಲ್ಲಾಕಲ್ಲರಿ.
ವಿದ್ಯಾನಗರದ ಹಾಸ್ಟೆಲಿನ್ಯಾಗ ನಸಿಕಿಲೆ ಎದ್ರ
ಬಾಜೂ ಕಾಟಿನಾಕಿ ನಿನ್ನಿಕ್ಕಿಂತ ಹಗುರಾಗಿ ಇಳೀತಾಳ.
ತಿಂಗಳಾತು, ಆಕೀಗೆ ಮೈ ನೋಯೂದ ಇಲ್ಲ.
ನಿಮಗ ಮೆಟ್ಲ ಇಳಿಯಾಕ ಗ್ವಾಡಿ ಬೇಕು.
ಆಗ ಅನಸತೈತಿ, ಮೋಸ ಮಾಡಾಕಿ ಆಕಿ ಅಲ್ಲ,
ನನ್ನ ಮೈನ ನನಗ ಮೋಸ ಮಾಡಾಕತ್ತೈತಿ ಅಂತ."

ಏಳನೆಯ ಬಾಟಲಿಯ ಮುಚ್ಚಳ ಮುರಿಯಿತು.
ಹೊರಗೆ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ,
ಕಸ್ತೂರಬಾ ರಸ್ತೆಯಿಂದ ಯಾರದೋ ಮುಗಿಯದ ಹಾರನ್ನು.

ಆಮೇಲೆ? ಅಂದೆ. ಕೇಳುವುದು ನನ್ನ ಕೆಲಸವಲ್ಲ.

"ಆಮ್ಯಾಲೇನ್ರಿ, ಅರ್ಧ ಸೆಕೆಂಡು ಇಳೀತು, ರೈಲ್ವೆದವ್ರು ಕರದ್ರು.
ಅದ್ರಾಗ ಆಕೀದೆಷ್ಟು, ಸೂಜೀದೆಷ್ಟು?
ಬಿಟ್ಟು ಓಡಿದ್ರ ಗೊತ್ತಾಕ್ಕೈತಿ.
ಗೊತ್ತಾಕ್ಕೈತಲ್ಲರಿ, ಅದಕ್ಕ ಬಿಡೂದಿಲ್ಲ."

ನಾನೂ ಜಿಗಿಯುತ್ತಿದ್ದವಳು. ಇಪ್ಪತ್ತೆರಡು ವರ್ಷದ ಹಿಂದೆ, ಇಲ್ಲೇ,
ಆ ಮೂಲೆಯ ಮರಳಲ್ಲಿ.
ಒಬ್ಬರು ಸ್ಟೀಲ್ ಡಬ್ಬಿಯಲ್ಲಿ, ಕಿತ್ತಳೆ ತೊಳೆಗಳ ಕೆಳಗೆ
ಪುಟ್ಟ ಗಾಜಿನದೊಂದು ಇಟ್ಟು ಕೊಟ್ಟರು.
ಹಣ್ಣು ತಿಂದು ಡಬ್ಬಿ ವಾಪಸು ಕೊಟ್ಟೆ.
ಈ ಕತೆಯನ್ನು ಪ್ರತಿ ಜೂನ್ ತಿಂಗಳು ಆರನೇ ಕ್ಲಾಸಿಗೆ ಹೇಳುತ್ತೇನೆ,
ಹಲಗೆಯ ಮೇಲೆ ಪ್ರಾಮಾಣಿಕತೆ ಎಂದು ಬರೆದು,
ಒತ್ತು ಮರೆತವರಿಗೆ ಹತ್ತು ಸಲ ಬರೆಸಿ.

ನಿಜ ಅಂದರೆ ನನಗೆ ಸೂಜಿ ಕಂಡರೆ ಭಯ.
ಮಾತ್ರೆಯಾಗಿದ್ದರೆ?
ಆ ಪ್ರಶ್ನೆಯ ಮೇಲೆ ಮಣ್ಣು ಸುರಿದು,
ಕೆರೆಯನ್ನು ಮುಚ್ಚಿದ ಹಾಗೆ ಮುಚ್ಚಿ,
ಮೇಲೆ ಆಟ ಆಡಿಸಿಕೊಂಡು ಬಂದಿದ್ದೇನೆ.

"ಬರಾಕತ್ತೈತ್ರಿ."

ತೋಳು ಮಡಚಬೇಕು, ಅಂಗಿ ಹೊಕ್ಕುಳ ಮೇಲಕ್ಕೆ.
ನೋಡಬೇಕು, ನೋಡಿದೆ.
ಸೊಂಟದ ಕೆಳಗೆ ಹಸಿರುಗಟ್ಟಿದ ಒಂದು ಚುಕ್ಕೆ.
ಹರ್ಡಲ್ ತಾಗಿದ್ದಿರಬಹುದು.
ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಎ ಸೀಸೆ, ಬಿ ಸೀಸೆ. ಮುಚ್ಚಳ ಕಟಕಟ ತಿರುಗಿ ನಿಂತಿತು.
"ಇದ್ರಾಗ ಎಲ್ಲಾ ಕಾಣತೈತೇನ್ರಿ?"
ನಾನು ಅಳತೆಯ ಗೆರೆಗೆ ಕಣ್ಣು ಬಗ್ಗಿಸಿ
ನೂರೈದು ಮಿಲಿ, ಎಂದೆ.

"ಹದಿನೈದು ಜಾಸ್ತಿ ಆತಲ್ಲ!"
ಇಡೀ ಸಂಜೆಯಲ್ಲಿ ಮೊದಲ ಸಲ ನಕ್ಕಳು,
ಯಾರನ್ನೋ ಹಿಂದೆ ಹಾಕಿದವಳ ಹಾಗೆ.
ಆಮೇಲೆ ತುಂಬ ಹೊತ್ತು ಕೈ ತೊಳೆದಳು.
ನಾನು ಪಕ್ಕದ ನಲ್ಲಿ ತಿರುಗಿಸಿದೆ.