ಹಸನು ಮಾಡಿದ ಮಾರವಾ

ಗುಳೇದಗುಡ್ಡದ ಮಗ್ಗದ ಓಣಿಯಲ್ಲಿ
ಬಾಗಿಲಿಗೆ ಕೌದಿ ಕಟ್ಟಿ
ನಮ್ಮವ್ವ ಹಾಡಿದ ಮಾರವಾ. ತಂಬೂರಿ ನನ್ನದು.

ಕಂಪ್ಯೂಟರಿನ ಮುಂದೆ ದಸ್ತಗೀರ ನದಾಫ.
ಅವನಜ್ಜ ಬಿಲ್ಲಿನ ನರ ಮೀಟಿ ಹತ್ತಿ ಹಿಂಜಿದವ;
ಇವನೂ ಕಾಳು ಆರಿಸಿದ ಒಂದೊಂದೇ:
ಫ್ಯಾನಿನ ಗುಂಯ್, ಪಕ್ಕದ ಮನೆಯ ಲಾಳಿ,
ತಾನು ಏರುವ ಮುಂಚೆ
ಅವ್ವ ಎಳಕೊಂಡ ಉಸಿರು.

ಹೆಡ್‌ಫೋನು ಹಾಕಿಕೊಂಡು
ಕಣ್ಣು ಮುಚ್ಚಿ ಕೇಳಿದಳು, ಕೊನೆತನಕ.
"ಛಲೋ ಐತಿ ತಮ್ಮಾ. ಯಾರ ಹಾಡ್ಯಾರ?"

ದಸ್ತಗೀರ ನಗಲಿಲ್ಲ.
ರಾತ್ರಿ ಫೈಲು ಮತ್ತೆ ತೆರೆದ.
ಫ್ಯಾನು ಹೋದರೆ ಹೋಗಲಿ,
ಉಸಿರನ್ನು ಇದ್ದಲ್ಲೇ ತಂದಿಟ್ಟ.
ಅದರ ಸೆರಗು ಹಿಡಿದು ಬಂತು,
ಬಿಡಿಸಿದರೂ ಬಿಡದೆ,
ಲಾಳಿಯದೊಂದು ಹೊಡೆತ:
ಕೋಮಲ ರಿಷಭದ ಮೇಲೆ,
ಸಮ ದಾಟಿ
ಅರ್ಧ ಮಾತ್ರೆ ತಡವಾಗಿ.