ಹೂಂ, ಉಹೂಂ

ಹಳೆಯದು ಸತ್ತದ್ದು ಮಂಗಳವಾರ.
ಎಡಗಿವಿ ಮೊದಲು ಹೋಯಿತು. ವಯರನ್ನು ಬೆರಳಿಗೆ ಸುತ್ತಿ
ಒಂದು ಕೋನದಲ್ಲಿ ಹಿಡಿದರೆ ಬರುತ್ತಿತ್ತು,
ಆಮೇಲೆ ಹಿಡಿದರೂ ಇಲ್ಲ.
ದಿಂಬಿನ ರೆಕ್ಸಿನ್ ಯಾವತ್ತೋ ಸುಲಿದು
ಕೆಲಸ ಮುಗಿಸಿ ಕನ್ನಡಿ ನೋಡಿದರೆ ಕಿವಿ ತುಂಬ ಕಪ್ಪು ಹೊಟ್ಟು,
ದೋಸೆಹೆಂಚು ಕೆರೆದವಳ ಹಾಗೆ.

ನನ್ನದು ಕೇಳಿ ಟೈಪು ಮಾಡುವ ಕೆಲಸ.
ಯಾರೋ ಯಾರನ್ನೋ ಮಾತಾಡಿಸಿ ರೆಕಾರ್ಡು ಕಳಿಸುತ್ತಾರೆ,
ನಿಮಿಷಕ್ಕೆ ಹನ್ನೊಂದು ರೂಪಾಯಿ.
ಕೆಮ್ಮು ಬಂದರೆ ಕೆಮ್ಮು ಅಂತ ಬರೆಯಬೇಕು,
ಸುಮ್ಮನಿದ್ದರೆ ಚುಕ್ಕಿ ಮೂರು.
ಮನೆ ಕಾಮಾಕ್ಷಿಪಾಳ್ಯ, ಕೆಳಗಡೆ ಲೇತ್ ಮಿಷನ್ನು,
ಒಂಬತ್ತು ಹೊಡೆದರೆ ಕಬ್ಬಿಣ ಹಲ್ಲು ಕಡಿಯಲು ಶುರು.
ಹಾಗಾಗಿ ಕಿವಿ ಪೂರ್ತಿ ಮುಚ್ಚುವಂಥದ್ದೇ ಬೇಕು.
ವಯರಿನದೇ ಬೇಕು. ಚಾರ್ಜು ಕೇಳುವ ಬಾಯಿಗಳು
ಮನೆಯಲ್ಲಿ ಈಗಾಗಲೇ ಸಾಕಷ್ಟಿವೆ.
ಸಾವಿರದ ಇನ್ನೂರು, ಅದರ ಮೇಲೆ ಕಾಸಿಲ್ಲ.

ಎಸ್.ಪಿ. ರಸ್ತೆ. ತಲೆಯ ಮೇಲೆ ಕೇಬಲ್ಲು, ಕಾಲಡಿ ಕೇಬಲ್ಲು,
ನಡುವೆ ತಳ್ಳುಗಾಡಿಯಲ್ಲಿ ಸತ್ತ ಮಾನಿಟರುಗಳ ಮೆರವಣಿಗೆ.
ಮೆಟ್ಟಿಲ ಕೆಳಗಿನ ಅಂಗಡಿ, ಹುಡುಗನ ಹೆಸರು ತೌಸೀಫ್.
"ಬೇಸು ನೋಡಿ ಮೇಡಂ, ಎದೆ ನಡುಗತ್ತೆ"
ಎಂದು ಮೊದಲನೆಯದನ್ನು ತಲೆಗೇರಿಸಿದ, ಆರುನೂರ ಐವತ್ತು.
ನಿಜ, ನಡುಗಿತು,
ಗಣೇಶನ ಪೆಂಡಾಲಿನ ಪಕ್ಕದ ಮನೆಯ ಕಿಟಕಿಯಂತೆ.
ನಡುಗೋದು ಬೇಡ ಕಣಪ್ಪ, ಅಕ್ಷರ ಬೇಕು.

ಎರಡನೆಯದು ಎಂಟುನೂರ ತೊಂಬತ್ತೊಂಬತ್ತು, ಇಕ್ಕಳದ ಹಿಡಿತ.
ಕನ್ನಡಕದ ಕಡ್ಡಿ ಎಲುಬಿಗೆ ಒತ್ತಿತು,
ಬೆಂಡೋಲೆಯ ತಿರುಪು ಕಿವಿಯ ಹಿಂದೆ ಚುಚ್ಚಿತು.
ಓಲೆ ಬಿಚ್ಚಿ ಕೌಂಟರಿನ ಮೇಲಿಟ್ಟೆ.
ಅವನು ಒಂದು ಕ್ಷಣ ಗಿರವಿ ಅಂಗಡಿಯವನಂತೆ ನೋಡಿದ.

ಆಮೇಲೆ ಫೋನು ತೆಗೆದು ನನ್ನದೇ ಪರೀಕ್ಷೆ ಇಟ್ಟೆ.
ಹಾಡಲ್ಲ.
ಹೆಸರಿಲ್ಲದ ಒಬ್ಬ ಹೆಂಗಸು,
ಫೈಲಿನಲ್ಲಿ ಬರೀ "ಮಾತಾಡಿದವರು ಹದಿನೇಳು".
ಗಾರ್ಮೆಂಟ್ಸಿನವಳು, ಪೀಣ್ಯದ ಕಡೆ ಇರಬೇಕು,
ಹಿಂದೆ ರೈಲು ಹೋಗುತ್ತದೆ.
ಓವರ್‌ಟೈಮಿನ ದುಡ್ಡು ಕೊಡುತ್ತಾರಾ?
ಉತ್ತರ, ಹಳೆಯದರಲ್ಲಿ ನಾನು ಕೇಳಿದಂತೆ: ಹೂಂ.
ಬರೆದು ಸೋಮವಾರವೇ ಕಳಿಸಿಯಾಗಿತ್ತು.

ಮೂರನೆಯದು ನೋಡಲು ಏನೂ ಅಲ್ಲ.
ಬೂದು ಪ್ಲಾಸ್ಟಿಕ್ಕು, ಬಟ್ಟೆಯ ದಿಂಬು,
ಸೀರೆ ಒಣಹಾಕುವಷ್ಟು ಉದ್ದದ ವಯರು.
ಸಾವಿರದ ನೂರ ಎಂಬತ್ತು.
"ಇದ್ರಲ್ಲಿ ಮಜಾ ಇಲ್ಲ ಮೇಡಂ, ಯಾರೂ ತಗೊಳಲ್ಲ."
ಮಜಾ ಇರಲಿಲ್ಲ.
ರೈಲು ರೈಲಿದ್ದಲ್ಲೇ ಇತ್ತು, ಫ್ಯಾನು ಫ್ಯಾನಿನ ಜಾಗದಲ್ಲಿ,
ಬಳೆ ಮೇಜಿಗೆ ತಾಗಿದ್ದು ಬೇರೆಯೇ ಕೇಳಿತು.
ಕೊಡುತ್ತಾರಾ?
ಅಲ್ಲಿ, ಹೂಂ ಎಂಬುದರ ಹೊಸ್ತಿಲಲ್ಲಿ,
ಬಾಯಿ ತೆರೆಯದೆ, ಗಂಟಲಲ್ಲೇ ಮುರಿದ
ಒಂದು ಗಿಡ್ಡ ಉ.

ಇನ್ನೊಮ್ಮೆ ಹಾಕಿದೆ. ಇನ್ನೊಮ್ಮೆ.
ತೌಸೀಫನ ತಲೆಗೂ ಏರಿಸಿದೆ. ಕಣ್ಣು ಮುಚ್ಚಿ ಕೇಳಿದ.
"ಇಲ್ಲ ಅಂತಿದಾರೆ" ಅಂದ.
ವಯರು ಸುತ್ತುತ್ತ, ಸ್ವಲ್ಪ ತಡೆದು,
"ನಮ್ಮಕ್ಕಾನೂ ಹೀಗೇ ಅನ್ನೋದು,
ಸೂಪರ್‌ವೈಸರ್ ಪಕ್ಕದಲ್ಲಿದ್ರೆ."

ಮೂವತ್ತು ರೂಪಾಯಿ ಬಿಟ್ಟ.
ಟೌನ್‌ಹಾಲ್ ಸ್ಟಾಪಿನ ತನಕ ನಡೆದು ಕಿವಿ ಮುಟ್ಟಿಕೊಂಡೆ, ಬೋಳು.
ವಾಪಸು ಓಡಿದರೆ ಓಲೆಗಳನ್ನು
ರೆಸಿಸ್ಟರುಗಳ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದ.

ರಾತ್ರಿ ಲೇತು ನಿಂತ ಮೇಲೆ ಕಳಿಸಿದ ಫೈಲುಗಳನ್ನೆಲ್ಲ ತೆಗೆದೆ.
ಎಷ್ಟು ಹೂಂ ಬರೆದಿದ್ದೇನೆ ಅಂತ ಹುಡುಕಿದರೆ
ಕಂಪ್ಯೂಟರು ಹೇಳಿತು: ಇನ್ನೂರ ಆರು.
ತಿದ್ದಿದ್ದಕ್ಕೆ ದುಡ್ಡಿಲ್ಲ. ತಿದ್ದು ಅಂದವರೂ ಇಲ್ಲ.
ಮಾತಾಡಿದವರು ಒಂದು, ಮೊದಲ ನಿಮಿಷ.
ಬಾಗಿಲಲ್ಲಿ ಯಾರೋ ನಿಂತು ಏನೋ ಕೇಳಿದಂತಾಯಿತು,
ಊಟದ ವಿಷಯವಿರಬೇಕು.
ಹೂಂ ಅಂದೆ.
ವಯರು ಕುರ್ಚಿಯ ಗಾಲಿಗೆ ಸಿಕ್ಕಿಕೊಂಡಿತ್ತು,
ಬಗ್ಗಿ ಬಿಡಿಸಿದೆ.