ಉಪ್ಪೈಸು

ಕೋಡಿಬಾಗದ ಲ್ಯಾಬಿನಲ್ಲಿ ಕರೆಂಟಿಲ್ಲ.
ನನ್ನ ನಳಿಕೆ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ,
ಬಂಗಡೆಯ ಪಕ್ಕ, ಉಪ್ಪೈಸಿನೊಳಗೆ.

ಬೆಂದರೆ ಕೆಡುತ್ತದೆ, ಸರಿ, ಅಂದಳು ಆಯಿ,
ತಣ್ಣಗಾದರೂ ಬಿಚ್ಚಿಕೊಳ್ಳುವುದೆಂದರೇನೇ?

ನೀರಿಗೆ ಎಣ್ಣೆ ಕಂಡರಾಗದು, ಆಯಿ.
ಆ ಮುನಿಸಿಗೇ ಪ್ರೋಟೀನು
ತನ್ನ ಜಿಡ್ಡನ್ನೆಲ್ಲ ಒಳಗೆಳೆದುಕೊಂಡು
ಮುದುಡಿ ಕೂತಿರುತ್ತದೆ;
ನಾವದನ್ನು ರೂಪ ಅನ್ನುತ್ತೇವೆ.
ಚಳಿ ಏರಿತೋ, ನೀರಿನ ಹಟ ಸಡಿಲುತ್ತದೆ,
ಜಿಡ್ಡಿಗೂ ಬಾ ಅನ್ನುತ್ತದೆ.
ಆಮೇಲೆ ಮುದುಡಿ ಕೂರಲು ಕಾರಣವೆಲ್ಲಿ?

ಆಯಿ ಏನೂ ಅನ್ನಲಿಲ್ಲ.
ಹನ್ನೊಂದು ವರ್ಷದಿಂದ ಮಾತು ಬಿಟ್ಟ
ಸುಲೋಚನಾ ವೈನಿಯ ಬುಟ್ಟಿಗೂ
ಒಂದು ಸಲಿಕೆ ಐಸು ಸುರಿದಳು.

ಹೊರಗೆ ಬಿಸಿಲು.
ಅಂಗೈಯಲ್ಲಿ ನಳಿಕೆ ಬೆವರಿತು,
ಒಳಗಿನದು ಮತ್ತೆ ಮುದುಡಿತೇನೋ.
ಅವರಿಬ್ಬರೂ ಬೇರೆ ಬೇರೆ ಟೆಂಪೋ ಹತ್ತಿದರು.